ಸಾಕು ಅನ್ನುವ ಜೀವಕೋಶಗಳು

ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿನ ಹಸಿವಿಗೆ ಸೊಪ್ಪು ಹೊಂದಿಸುವುದು ಎಷ್ಟು ಕಷ್ಟ ಎಂದು ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಎಲ್ಲರಿಗೂ ಗೊತ್ತು. ರಾತ್ರಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಸೊಪ್ಪು ಕಡಿಯುವ ಸದ್ದೇ ಕಿವಿಗೆ ಬೀಳುತ್ತದೆ. ಮೊಟ್ಟೆಯಿಂದ ಹೊರಬಂದ ಹುಳು ಸುಮಾರು 25 ದಿನಗಳಲ್ಲಿ ಹತ್ತು ಸಾವಿರ ಪಟ್ಟು ತೂಕ ಏರಿಸಿಕೊಳ್ಳುತ್ತದೆ. ಅದು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ಕೊನೆಯ ವಾರದ್ದು. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ಹಳದಿಗೆ ತಿರುಗಿ ತಿಳಿಯಾಗುತ್ತದೆ, ತಲೆ ಎತ್ತಿ ಆಡಿಸುತ್ತದೆ. ಈಗ ತಾನೇ ಕೊಯ್ದು ತಂದ ಎಳೆ ಸೊಪ್ಪು ಮುಂದಿಟ್ಟರೂ ಮೂಸುವುದಿಲ್ಲ. ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟರೆ ನೂಲು ಬಿಡಲು ಶುರು ಮಾಡುತ್ತದೆ.

ನಿನ್ನೆಯವರೆಗೆ ತಿನ್ನುತ್ತಲೇ ಇದ್ದದ್ದು ಇವತ್ತು ನಿಲ್ಲಿಸುವುದು ರಸಾಯನಗಳ ಏರಿಳಿತದಿಂದ. ಹುಳುವಿನ ಮೈಯಲ್ಲಿ ಬಾಲ್ಯವನ್ನು ಕಾಯುವ ಒಂದು ಹಾರ್ಮೋನು ಇಳಿಯುತ್ತದೆ. ಮಿದುಳಿನ ಎರಡೇ ಜೋಡಿ ಜೀವಕೋಶಗಳು ಇನ್ನೊಂದು ಹಾರ್ಮೋನನ್ನು ಬಿಡುತ್ತವೆ. ಅದರ ಆಜ್ಞೆಯಂತೆ ಎದೆಭಾಗದ ಗ್ರಂಥಿ ಎಕ್ಡೈಸೋನ್ ಸುರಿಸುತ್ತದೆ. ಈ ಎಕ್ಡೈಸೋನನ್ನು ಮೊದಲು ಬೇರ್ಪಡಿಸಿದ್ದೂ ರೇಷ್ಮೆಹುಳುವಿನಿಂದಲೇ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ಕೋಶಾವಸ್ಥೆಯ ಹುಳುಗಳಿಂದ 25 ಮಿಲಿಗ್ರಾಂ ತೆಗೆದರು.

ಈ ಹುಳುವನ್ನು ಯಾರೂ ಹೊಟ್ಟೆಬಾಕ ಎಂದು ಬೈಯುವುದಿಲ್ಲ. ಸೊಪ್ಪು ಬಿಟ್ಟಿತೆಂದು ಅದರ ಸಂಯಮವನ್ನು ಹೊಗಳುವುದೂ ಇಲ್ಲ. ಮನುಷ್ಯರ ವಿಷಯ ಬಂದಾಗ ಮಾತ್ರ ನಮ್ಮ ಮಾತಿನ ಧಾಟಿ ಬದಲಾಗುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ದಪ್ಪಗಿರುವ ಹುಡುಗಿಯೊಬ್ಬಳು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರೆ ಪಕ್ಕದ ಎಲೆಯವರ ಕಣ್ಣು ಆ ಕಡೆ ಹೋಗುತ್ತದೆ. ‘ಒಂದಿಷ್ಟು ಬಾಯಿ ಕಟ್ಟಬಾರದಾ?’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ತೂಕ ಎನ್ನುವುದು ಬಾಯಿ ಕಟ್ಟುವ, ಬಿಡುವ ಗುಣದ ಪ್ರಶ್ನೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಕೂತಿದೆ. ವಿಜ್ಞಾನ ಕಂಡಿರುವ ಸತ್ಯ ಬೇರೆ, ಅದನ್ನು ನಮ್ಮ ಊರುಗಳಲ್ಲಿ ಬಿಡಿಸಿ ಹೇಳುವ ಅಗತ್ಯವಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಒಂದು ಲೆಕ್ಕ ನೋಡೋಣ. ಹೊಲ, ಅಂಗಡಿ ಅಂತ ಓಡಾಡಿಕೊಂಡಿರುವ ಒಬ್ಬರು ದಿನಕ್ಕೆ ಸರಾಸರಿ 2,200 ಕ್ಯಾಲೊರಿ ತಿನ್ನುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎಂಟು ಲಕ್ಷ ಕ್ಯಾಲೊರಿ ಆಯಿತು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ವರ್ಷಕ್ಕೆ ಒಂದು ಕಿಲೋ ತೂಕ ಏರಿದವರ ಲೆಕ್ಕದಲ್ಲಿ ಆಗಿರುವ ತಪ್ಪು ನೂರಕ್ಕೆ ಒಂದು. ದಿನಕ್ಕೆ 21 ಕ್ಯಾಲೊರಿ, ಒಂದು ಟೀ ಚಮಚ ಸಕ್ಕರೆ. ಹಬ್ಬದ ದಿನ ಹೋಳಿಗೆ, ಏಕಾದಶಿ ದಿನ ಉಪವಾಸ, ಸುಗ್ಗಿಯಲ್ಲಿ ದುಡಿತ, ಮಳೆಗಾಲದಲ್ಲಿ ಮನೆಯೊಳಗೆ ಕೂತಿದ್ದು, ಇದೆಲ್ಲ ಆದಮೇಲೂ ವರ್ಷದ ಕೊನೆಯಲ್ಲಿ ಹೆಚ್ಚಿನವರ ತೂಕ ಒಂದೆರಡು ಕಿಲೋ ಆಚೀಚೆ ಅಷ್ಟೇ. ಇಷ್ಟು ನಿಖರವಾದ ಲೆಕ್ಕವನ್ನು ಯಾರೂ ಮನಸ್ಸಿನಲ್ಲಿ ಕೂತು ಹಾಕುವುದಿಲ್ಲ, ಹಾಕಲು ಸಾಧ್ಯವೂ ಇಲ್ಲ. ಒಳಗಿನಿಂದ ಯಾರೋ ಹಾಕುತ್ತಿದ್ದಾರೆ.

ನಾಲ್ಕು ಗ್ರಾಂನ ಜಾಗ

ಹುಬ್ಬುಗಳ ನಡುವಿನಿಂದ ಹಿಂದಕ್ಕೆ, ಕಿವಿಯ ಮಟ್ಟದಿಂದ ಒಳಕ್ಕೆ ಎರಡು ಗೆರೆ ಎಳೆದರೆ ಅವು ಸೇರುವ ಕಡೆ, ಮಿದುಳಿನ ತಳದಲ್ಲಿ, ಹೈಪೊಥಲಮಸ್ ಇದೆ. ತೂಕ ಸುಮಾರು 4 ಗ್ರಾಂ. ಮೈಯ ಬಿಸಿ, ಬಾಯಾರಿಕೆ, ನಿದ್ದೆ, ಮುಟ್ಟು, ಹಸಿವು ಇವೆಲ್ಲದರ ಮೇಲೂ ಇದರ ಹಿಡಿತವಿದೆ. ಇಲ್ಲಿಗೂ ತೂಕಕ್ಕೂ ಸಂಬಂಧ ಇರಬಹುದೆಂಬ ಸುಳಿವು ಸಿಕ್ಕಿದ್ದು ರೋಗಿಗಳಿಂದ. ಮಿದುಳಿನ ತಳದಲ್ಲಿ ಗೆಡ್ಡೆ ಬೆಳೆದು ಇದ್ದಕ್ಕಿದ್ದಂತೆ ದಪ್ಪಗಾದ ಹುಡುಗನೊಬ್ಬನ ಬಗ್ಗೆ ವಿಯೆನ್ನಾದ ಆಲ್‌ಫ್ರೆಡ್ ಫ್ರೋಲಿಕ್ 1901ರಲ್ಲಿ ಬರೆದಿದ್ದರು. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರಾನ್ಸನ್ ಇಲಿಗಳ ಹೈಪೊಥಲಮಸ್‌ನಲ್ಲಿ ಒಂದು ಚುಕ್ಕೆಯಷ್ಟು ಜಾಗವನ್ನು ಸುಟ್ಟಾಗ ಇಲಿಗಳು ವಿಪರೀತ ದಪ್ಪಗಾದವು.

ಮುಂದಿನ ಹೆಜ್ಜೆ ನಮ್ಮವರದು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಬಾಲ್ ಕೃಷ್ಣ ಆನಂದ್ ಅವರು ಜಾನ್ ಬ್ರೋಬೆಕ್ ಜೊತೆ ಸೇರಿ ಹೈಪೊಥಲಮಸ್‌ನ ಪಕ್ಕದ ಭಾಗವನ್ನು ನಾಶ ಮಾಡಿದರು. ಆ ಇಲಿಗಳು ತಿನ್ನುವುದನ್ನೇ ಬಿಟ್ಟವು, ಮುಂದೆ ಅನ್ನವಿದ್ದರೂ ಹಸಿದು ಸತ್ತವು. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಜ್ಞಾನ ವಿಭಾಗವನ್ನು ಕಟ್ಟಿದವರು ಇದೇ ಆನಂದ್. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಇಲ್ಲದಿರುವುದು ನನಗೆ ಬೇಸರದ ಸಂಗತಿ.

ಆದರೆ ಮೈಯಲ್ಲಿ ಎಷ್ಟು ಕೊಬ್ಬು ಇದೆಯೆಂದು ತಲೆಯೊಳಗಿನ ಈ ಜಾಗಕ್ಕೆ ಗೊತ್ತಾಗುವುದು ಹೇಗೆ? ಉತ್ತರ ಬಂದದ್ದು ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಿಂದ. ಅಲ್ಲಿ 1949ರಲ್ಲಿ ಒಂದು ಜಾತಿಯ ದಪ್ಪ ಇಲಿಮರಿಗಳು ಹುಟ್ಟಿದವು. ಕೆಲವು ವರ್ಷಗಳ ಮೇಲೆ ಇನ್ನೊಂದು ಬಗೆಯವೂ ಹುಟ್ಟಿದವು, ಅವು ದಪ್ಪವೂ ಹೌದು, ಅವಕ್ಕೆ ಸಕ್ಕರೆ ಕಾಯಿಲೆಯೂ ಇತ್ತು. ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಇಲಿಗಳ ಮೈಯನ್ನು ಜೋಡಿ ಜೋಡಿಯಾಗಿ ಹೊಲಿದು ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಎರಡನೇ ಬಗೆಯ ದಪ್ಪ ಇಲಿಯ ಜೊತೆ ಹೊಲಿದ ಸಾಮಾನ್ಯ ಇಲಿ ತಿನ್ನುವುದು ನಿಲ್ಲಿಸಿ ಸತ್ತೇ ಹೋಯಿತು. ಮೊದಲ ಬಗೆಯ ದಪ್ಪ ಇಲಿಯನ್ನು ಎರಡನೇ ಬಗೆಯದಕ್ಕೆ ಹೊಲಿದಾಗಲೂ ಅಷ್ಟೇ: ಮೊದಲನೆಯದು ಹಸಿದು ಸತ್ತಿತು, ಎರಡನೆಯದು ದಪ್ಪವಾಗಿಯೇ ಉಳಿಯಿತು. ಇದರಿಂದ ಕೋಲ್ಮನ್ ಹೀಗೆ ಊಹಿಸಿದರು. ರಕ್ತದಲ್ಲಿ ‘ಸಾಕು’ ಎನ್ನುವ ಒಂದು ವಸ್ತು ಹರಿಯುತ್ತದೆ. ಮೊದಲ ಇಲಿಗೆ ಆ ವಸ್ತುವನ್ನು ತಯಾರಿಸಲು ಬರುವುದಿಲ್ಲ, ಸಿಕ್ಕರೆ ಅದರ ಮಾತು ಕೇಳುತ್ತದೆ. ಎರಡನೇ ಇಲಿ ಬೇಕಾದಷ್ಟು ತಯಾರಿಸುತ್ತದೆ, ಆದರೆ ಅದರ ಮಿದುಳಿಗೆ ಕೇಳಿಸುವುದಿಲ್ಲ.

ಆ ವಸ್ತು ಕೈಗೆ ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನನ್ನು ಹುಡುಕಿ ತೆಗೆಯಿತು. ಹೆಸರು ಲೆಪ್ಟಿನ್. ಎಲ್ಲರಿಗೂ ಅಚ್ಚರಿಯಾದದ್ದು ಅದು ತಯಾರಾಗುವ ಜಾಗದ ಬಗ್ಗೆ. ಸೋಮಾರಿ ಗಂಟು ಎಂದು ಎಣಿಸಿದ್ದ ಕೊಬ್ಬಿನ ಕೋಶಗಳೇ ಅದನ್ನು ರಕ್ತಕ್ಕೆ ಬಿಡುತ್ತಿದ್ದವು. ಕೊಬ್ಬು ಹೆಚ್ಚಿದ್ದಷ್ಟೂ ಲೆಪ್ಟಿನ್ ಹೆಚ್ಚು, ಕರಗಿದಷ್ಟೂ ಕಡಿಮೆ.

ಮೂರು ವರ್ಷಕ್ಕೆ, 1997ರಲ್ಲಿ, ಇದು ಇಲಿಯ ಕಥೆ ಮಾತ್ರವಲ್ಲ ಎಂದು ಸಾಬೀತಾಯಿತು. ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿ ಮತ್ತು ಸದಫ್ ಫಾರೂಕಿ ಅವರ ತಂಡದ ಮುಂದೆ ಪಾಕಿಸ್ತಾನ ಮೂಲದ ಒಂದು ಮನೆತನದ ಇಬ್ಬರು ಮಕ್ಕಳು ಬಂದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ, ಅವಳ ಸೋದರಸಂಬಂಧಿಯಾದ ಎರಡು ವರ್ಷದ ಹುಡುಗನದು 29 ಕಿಲೋ. ಹುಟ್ಟಿದಾಗ ಇಬ್ಬರ ತೂಕವೂ ಸಾಮಾನ್ಯವೇ ಇತ್ತು. ಹುಟ್ಟಿದ ಕೆಲವೇ ತಿಂಗಳಿಗೆ ತೀರದ ಹಸಿವು ಶುರುವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದಿನಕ್ಕೊಂದು ಲೆಪ್ಟಿನ್ ಚುಚ್ಚುಮದ್ದು ಶುರು ಮಾಡಿದ ಮೇಲೆ ಇಂಥ ಮಕ್ಕಳ ಹಸಿವು ಬೇಗನೆ ತಗ್ಗಿತು, ಕೊಬ್ಬು ಕರಗತೊಡಗಿತು. ಮನೆಯವರ ಗದರಿಕೆ, ಬೀಗ ಹಾಕಿದ ಅಡುಗೆಮನೆ, ಯಾವುದೂ ಮಾಡಲಾಗದ್ದನ್ನು ಒಂದು ಪ್ರೋಟೀನು ಮಾಡಿತು.

ಇದು ತೀರ ಅಪರೂಪದ ದೋಷ. ಆದರೂ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ತಿಳಿದಿರಬೇಕು ಎನಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದರೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇರುವ ಮನೆತನಗಳಲ್ಲಿ ಅದರ ಸಾಧ್ಯತೆ ಹೆಚ್ಚು. ಹಾಲು ಕುಡಿಯುವ ವಯಸ್ಸಿನಿಂದಲೇ ಎಷ್ಟು ಕೊಟ್ಟರೂ ಸಾಲದೆ ಅಳುವ, ತೂಕ ಮಿತಿಮೀರಿ ಏರುವ ಮಗುವನ್ನು ‘ಗುಂಡಗೆ ಮುದ್ದಾಗಿದೆ’ ಎಂದು ಬಿಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಜೀನು ಪರೀಕ್ಷೆಯ ಬಗ್ಗೆ ಕೇಳಬೇಕು.

ಹಸಿವಿನ ಕೋಶ, ತೃಪ್ತಿಯ ಕೋಶ

ಲೆಪ್ಟಿನ್ ಬಂದು ಮಾತಾಡುವುದು ಯಾರ ಹತ್ತಿರ? ಹೈಪೊಥಲಮಸ್‌ನ ತೀರ ಕೆಳಗೆ ಆರ್ಕುಯೇಟ್ ಎಂಬ ಸಣ್ಣ ಕಮಾನು ಇದೆ. ಮಿದುಳಿನ ಉಳಿದೆಡೆ ರಕ್ತದಿಂದ ಸಿಕ್ಕಿದ್ದೆಲ್ಲ ಒಳನುಗ್ಗದಂತೆ ಬಿಗಿಯಾದ ತಡೆ ಇರುತ್ತದೆ. ಈ ಕಮಾನಿನ ಪಕ್ಕದಲ್ಲಿ ಆ ತಡೆ ಸ್ವಲ್ಪ ಸಡಿಲ. ಹಾಗಾಗಿ ರಕ್ತದಲ್ಲಿ ಏನು ಹರಿಯುತ್ತಿದೆ ಎಂಬುದನ್ನು ಇಲ್ಲಿನ ಕೋಶಗಳು ನೇರವಾಗಿ ರುಚಿ ನೋಡಬಲ್ಲವು. ಇಲ್ಲಿ ಒಂದರ ಪಕ್ಕ ಒಂದು ಎರಡು ಬಗೆಯ ನರಕೋಶಗಳಿವೆ. ಒಂದು ಬಗೆಗೆ ಎಜಿಆರ್‌ಪಿ ಎಂದು ಹೆಸರು, ಇವನ್ನು ಹಸಿವಿನ ಕೋಶ ಎನ್ನೋಣ. ಇನ್ನೊಂದು ಪಿಒಎಂಸಿ, ಇವು ತೃಪ್ತಿಯ ಕೋಶ. ಲೆಪ್ಟಿನ್ ಬಂದರೆ ಹಸಿವಿನ ಕೋಶಗಳು ತಣ್ಣಗಾಗುತ್ತವೆ, ತೃಪ್ತಿಯ ಕೋಶಗಳು ಚುರುಕಾಗುತ್ತವೆ. ಇನ್ಸುಲಿನ್ ಕೂಡ ಇಲ್ಲಿ ಹೆಚ್ಚುಕಡಿಮೆ ಇದೇ ಕೆಲಸಕ್ಕೆ ಕೈ ಜೋಡಿಸುತ್ತದೆ. ಖಾಲಿ ಹೊಟ್ಟೆಯಿಂದ ಹೊರಡುವ ಘ್ರೆಲಿನ್ ಎಂಬ ಹಾರ್ಮೋನು ಇದಕ್ಕೆ ವಿರುದ್ಧ, ಹಸಿವಿನ ಕೋಶಗಳನ್ನು ಎಬ್ಬಿಸುತ್ತದೆ. ಅದನ್ನು 1999ರಲ್ಲಿ ಕಂಡುಹಿಡಿದವರು ಜಪಾನಿನ ಕೊಜಿಮಾ ಮತ್ತು ಕಂಗಾವಾ.

ಈ ಎರಡು ಬಗೆಯ ಕೋಶಗಳ ಜಗಳ ನಡೆಯುವುದು ಸ್ವಲ್ಪ ಮೇಲಿರುವ ಇನ್ನೊಂದು ಗುಂಪಿನ ನರಕೋಶಗಳ ಮೇಲೆ. ಅವುಗಳ ಮೈಮೇಲೆ ಎಂಸಿ4ಆರ್ ಎಂಬ ಗ್ರಾಹಕ, ಅಂದರೆ ಹಾರ್ಮೋನು ಬಂದು ಕೂರುವ ಸೀಟು, ಇದೆ. ಕೆಎಸ್‌ಆರ್‌ಟಿಸಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದನ್ನು ನೆನಪಿಸಿಕೊಳ್ಳಿ. ತೃಪ್ತಿಯ ಕೋಶಗಳು ಬಿಡುವ ಹಾರ್ಮೋನು ಈ ಸೀಟಿನಲ್ಲಿ ಕೂತರೆ ‘ಊಟ ಸಾಕು, ಶಕ್ತಿ ಖರ್ಚು ಮಾಡು’ ಎಂಬ ಸಂದೇಶ ಹೊರಡುತ್ತದೆ. ಹಸಿವಿನ ಕೋಶಗಳು ಬಿಡುವ ಎಜಿಆರ್‌ಪಿ ಪ್ರೋಟೀನು ಟವಲ್ ಹಾಕಿ ಅದೇ ಸೀಟನ್ನು ಹಿಡಿಯುತ್ತದೆ. ತಾನು ಸಂದೇಶ ಕೊಡುವುದಿಲ್ಲ, ಇನ್ನೊಬ್ಬರಿಗೂ ಕೂರಲು ಬಿಡುವುದಿಲ್ಲ. ಅಷ್ಟೇ ಸಾಲದೆಂದು, ಯಾರೂ ಕೂರದಿದ್ದಾಗಲೂ ಆ ಗ್ರಾಹಕದಿಂದ ಸಣ್ಣಗೆ ಹೊರಡುವ ತೃಪ್ತಿಯ ಸಂದೇಶವನ್ನೂ ಅದುಮಿಬಿಡುತ್ತದೆ.

ಎಂಸಿ4ಆರ್ ಜೀನಿನಲ್ಲಿ ದೋಷವಿದ್ದರೆ ಏನಾಗುತ್ತದೆ ಎಂಬುದು 1998ರಿಂದ ಗೊತ್ತಿದೆ. ಚಿಕ್ಕಂದಿನಿಂದ ಹಸಿವು, ಬೊಜ್ಜು, ಎತ್ತರವೂ ಹೆಚ್ಚು. ಒಂದೇ ಜೀನಿನಿಂದ ಬರುವ ಬೊಜ್ಜಿನಲ್ಲಿ ಇದೇ ಹೆಚ್ಚು ಸಾಮಾನ್ಯ. ತಮಾಷೆಯಲ್ಲ, ಇದರ ಉಲ್ಟಾ ಕೂಡ ಇದೆ. ಈ ಗ್ರಾಹಕ ಸದಾ ಚುರುಕಾಗಿರುವಂಥ ಜೀನು ಪಡೆದು ಹುಟ್ಟಿದವರು ಬೊಜ್ಜಿನಿಂದ ಬಹಳ ಮಟ್ಟಿಗೆ ಪಾರಾಗುತ್ತಾರೆ ಎಂದು ಬ್ರಿಟನ್ನಿನ ಲಕ್ಷಾಂತರ ಜನರ ಮಾಹಿತಿ ಜಾಲಾಡಿದ ಫಾರೂಕಿ ಅವರ ತಂಡ 2019ರಲ್ಲಿ ತೋರಿಸಿತು. ‘ಏನು ತಿಂದರೂ ಮೈಗೆ ಹತ್ತಲ್ಲ’ ಎನ್ನುವ ಅದೃಷ್ಟವಂತರಲ್ಲಿ ಕೆಲವರ ಗುಟ್ಟು ಇದು. ಅವರಿಗೆ ಬೇಗ ಸಾಕೆನಿಸುತ್ತದೆ, ಅಷ್ಟೇ.

ಹಸಿವಿನ ಕೋಶಗಳ ಬಲ ಎಷ್ಟೆಂದು ತೋರಿಸಿದ ಪ್ರಯೋಗಗಳು ನನ್ನನ್ನು ಬಹಳ ಕಾಡಿವೆ. 2005ರಲ್ಲಿ ಬೆಳೆದ ಇಲಿಗಳಲ್ಲಿ ಈ ಕೋಶಗಳನ್ನು ಮಾತ್ರ ಕೊಂದು ನೋಡಿದರು. ಇಲಿಗಳು ಊಟದ ಮುಂದೆ ಕೂತು ಉಪವಾಸ ಬಿದ್ದವು. 2011ರಲ್ಲಿ ಬೆಳಕಿನಿಂದ ಈ ಕೋಶಗಳನ್ನು ಚಾಲೂ ಮಾಡುವ ತಂತ್ರ ಬಂತು. ಆಗ ತಾನೇ ಹೊಟ್ಟೆ ತುಂಬಿ ತಿಂದ ಇಲಿಯ ಕೆಲವೇ ನೂರು ಹಸಿವಿನ ಕೋಶಗಳಿಗೆ ಬೆಳಕು ಹಾಯಿಸಿದರೆ ನಿಮಿಷಗಳಲ್ಲಿ ಅದು ಮತ್ತೆ ಮುಗಿಬಿದ್ದು ತಿನ್ನುತ್ತಿತ್ತು, ಬೆಳಕು ಆರಿಸಿದರೆ ನಿಲ್ಲಿಸುತ್ತಿತ್ತು. ಇನ್ನೂ ಒಂದು ಮಾತು 2015ರಲ್ಲಿ ತಿಳಿಯಿತು: ಈ ಕೋಶಗಳು ಚಾಲೂ ಆಗಿರುವ ಸ್ಥಿತಿ ಇಲಿಗೆ ಹಿಂಸೆ. ಅವು ಚುರುಕಾಗಿದ್ದ ಜಾಗ, ಆಗ ಸಿಕ್ಕ ರುಚಿ, ಎರಡರಿಂದಲೂ ಇಲಿ ದೂರ ಸರಿಯುತ್ತಿತ್ತು. ತಿನ್ನುವುದು ಆ ಹಿಂಸೆಯಿಂದ ಬಿಡಿಸಿಕೊಳ್ಳುವ ದಾರಿ. ತೂಕ ಇಳಿಸಲು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವವರು ಸಿಡುಕುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಜ಼್ಯಾಕರಿ ನೈಟ್ ತಂಡ ಹಸಿದ ಇಲಿಯ ಈ ಕೋಶಗಳನ್ನು ಕ್ಷಣಕ್ಷಣಕ್ಕೂ ಅಳೆದು ನೋಡಿತು. ಊಟ ಹೊಟ್ಟೆ ಸೇರಿದಂತೆ ಅವು ನಿಧಾನವಾಗಿ ತಣ್ಣಗಾಗುತ್ತವೆ ಎಂದೇ ಎಲ್ಲರ ನಿರೀಕ್ಷೆ. ಆದರೆ ಊಟ ಕಣ್ಣಿಗೆ ಬಿದ್ದು, ವಾಸನೆ ಮೂಗಿಗೆ ತಾಗಿದ ಕೂಡಲೇ, ಒಂದು ತುತ್ತೂ ಬಾಯಿಗೆ ಹೋಗುವ ಮೊದಲೇ, ಅವು ಸುಮ್ಮನಾದವು. ಊಟ ಎಷ್ಟು ರುಚಿಯೋ ಅಷ್ಟು ಹೆಚ್ಚು ಸುಮ್ಮನಾದವು. ಮಾಗಿಯಲ್ಲಿ ಸೊಗಡಿನ ಅವರೆಕಾಯಿ ಬಿಡಿಸಿ, ಹಿತಕಿ, ಬೇಳೆ ಸಾರಿಗೆ ಒಗ್ಗರಣೆ ಬಿದ್ದಾಗ ಚಿಂತಾಮಣಿಯ ಯಾವುದೋ ಮನೆಯಲ್ಲಿ ಕೂತವರ ತಲೆಯೊಳಗೂ ಇಂಥದ್ದೇ ನಡೆಯುತ್ತಿರಬೇಕು. ಮಿದುಳು ಇನ್ನು ಬರಲಿರುವ ಊಟವನ್ನು ಮೊದಲೇ ಅಂದಾಜು ಮಾಡಿಕೊಂಡು ಮೈಯನ್ನು ಅಣಿಗೊಳಿಸುತ್ತದೆ.

ಆದರೆ ಅಂದಾಜಿನ ಮೇಲೆ ಮಿದುಳನ್ನು ಬಹಳ ಹೊತ್ತು ಒಪ್ಪಿಸಲಾಗದು. ಊಟ ಕಾಣಿಸಿ ತಿನ್ನಲು ಸಿಗದಿದ್ದರೆ ಹಸಿವಿನ ಕೋಶಗಳು ಮತ್ತೆ ಏಳುತ್ತವೆ. ಅವನ್ನು ಸುಮ್ಮನಿರಿಸುವುದು ಕರುಳು ಸೇರಿದ ಕ್ಯಾಲೊರಿ. ಇಲಿಯ ಹೊಟ್ಟೆಗೆ ನೇರವಾಗಿ ಆಹಾರ ಹಾಕಿದಾಗ ಎಷ್ಟು ಕ್ಯಾಲೊರಿಯೋ ಅಷ್ಟು ಪ್ರಮಾಣದಲ್ಲಿ ಈ ಕೋಶಗಳು ತಣ್ಣಗಾಗುತ್ತವೆ ಎಂದು 2017ರಲ್ಲಿ ಕಂಡಿತು. ಕ್ಯಾಲೊರಿಯಿಲ್ಲದ ಜೆಲ್ ಕೊಟ್ಟರೆ ಸ್ವಲ್ಪ ಹೊತ್ತಷ್ಟೇ ಪರಿಣಾಮ. ಊಟಕ್ಕೆ ಮೊದಲು ಎರಡು ಚೊಂಬು ನೀರು ಕುಡಿದು ಹಸಿವನ್ನು ಗೆಲ್ಲುತ್ತೇನೆ ಎನ್ನುವವರಿಗೆ ಹೊಟ್ಟೆ ಹಿಗ್ಗಿದ ಸುದ್ದಿ ವೇಗಸ್ ನರದ ಮೂಲಕ ಮಿದುಳಿಗೆ ಮುಟ್ಟುತ್ತದೆ, ನಿಜ. ಕರುಳಿನ ಲೆಕ್ಕ ಪುಸ್ತಕದಲ್ಲಿ ಮಾತ್ರ ಏನೂ ಜಮೆಯಾಗಿರುವುದಿಲ್ಲ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಆದರೂ ಈ ಲೆಕ್ಕ ತಪ್ಪುವುದಿಲ್ಲ. ‘ರಾಗಿ ತಿಂದರೆ ದಪ್ಪ ಆಗಲ್ಲ’ ಎಂಬ ನಂಬಿಕೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ರಾಗಿಯಲ್ಲಿ ನಾರು, ಸುಣ್ಣದ ಅಂಶ ಬಹಳ ಹೆಚ್ಚು, ಅದು ಅದರ ದೊಡ್ಡತನ. ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸವಿಲ್ಲ.

ಖರ್ಚಿನ ಕಡೆಯ ಹಿಡಿತ

ಇಲ್ಲಿಯವರೆಗೆ ಹೇಳಿದ್ದು ಆದಾಯದ ಕಡೆ. ಇದೇ ಕೋಶಗಳು ಖರ್ಚನ್ನೂ ಹಿಡಿಯುತ್ತವೆ ಎಂಬುದನ್ನು ಜನ ಗಮನಿಸುವುದು ಕಡಿಮೆ. ಲೆಪ್ಟಿನ್ ಇಳಿದರೆ ಹೈಪೊಥಲಮಸ್ ಅದನ್ನು ‘ಬರ ಬಂತು’ ಎಂದು ಓದುತ್ತದೆ. ಥೈರಾಯ್ಡ್ ಹಾರ್ಮೋನು ತಗ್ಗುತ್ತದೆ. ಹೃದಯಕ್ಕೆ, ಮೈ ಬಿಸಿ ಮಾಡುವ ಕಂದು ಕೊಬ್ಬಿಗೆ ಹೋಗುವ ನರಗಳ ಚುರುಕು ಇಳಿಯುತ್ತದೆ. ಸಂತಾನಕ್ಕೆ ಬೇಕಾದ ಹಾರ್ಮೋನುಗಳೂ ನಿಲ್ಲುತ್ತವೆ. ಉಪವಾಸ ಬಿದ್ದ ಇಲಿಗಳಿಗೆ ಲೆಪ್ಟಿನ್ ಮಾತ್ರ ಕೊಟ್ಟರೆ ಈ ಬದಲಾವಣೆಗಳು ಬಹುಮಟ್ಟಿಗೆ ತಪ್ಪುತ್ತವೆ ಎಂದು 1996ರಲ್ಲೇ ತೋರಿಸಲಾಗಿತ್ತು. ಹೊಟ್ಟೆಗೆ ತಿನ್ನದೆ ಸಣಕಲಾದ, ಅಥವಾ ಅತಿಯಾಗಿ ಓಡಿ ಅಭ್ಯಾಸ ಮಾಡುವ ಹುಡುಗಿಯರ ಮುಟ್ಟು ನಿಲ್ಲುವುದು ಇದೇ ಕಾರಣಕ್ಕೆ. ಹೀಗಾದಾಗ ಮುಟ್ಟು ಬರಿಸುವ ಮಾತ್ರೆಗಿಂತ ಮೊದಲು ಬೇಕಿರುವುದು ಊಟ.

1944ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಅರೆಹೊಟ್ಟೆಯಲ್ಲಿಡುವ ಅಧ್ಯಯನ ಶುರು ಮಾಡಿದರು. 24 ವಾರಗಳ ಅರೆ ಉಪವಾಸದಲ್ಲಿ ಅವರ ತೂಕ ಕಾಲು ಭಾಗ ಇಳಿಯಿತು. ಸುಮ್ಮನೆ ಮಲಗಿದ್ದಾಗ ಮೈ ಸುಡುವ ಶಕ್ತಿ ಮಾತ್ರ ಸುಮಾರು ನೂರಕ್ಕೆ 40ರಷ್ಟು ಇಳಿಯಿತು. ಬೇಸಿಗೆಯಲ್ಲೂ ಚಳಿ, ಮೆಲ್ಲಗೆ ಬಡಿಯುವ ನಾಡಿ, ಹಗಲು ರಾತ್ರಿ ಊಟದ್ದೇ ಮಾತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಊಟ ಸಿಕ್ಕ ಮೇಲೆ ಕಳೆದುಕೊಂಡ ಕೊಬ್ಬಿಗಿಂತ ಹೆಚ್ಚು ಕೊಬ್ಬನ್ನು ಮೈ ತುಂಬಿಕೊಂಡಿತು. 2016ರಲ್ಲಿ ಬಂದ ಇನ್ನೊಂದು ಅಧ್ಯಯನ ಅಮೆರಿಕದ ಟಿವಿಯ ತೂಕ ಇಳಿಕೆ ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷದ ಮೇಲೆ ಅಳೆಯಿತು. ಹೆಚ್ಚಿನವರ ತೂಕ ಬಹುಪಾಲು ವಾಪಸ್ ಬಂದಿತ್ತು. ಹಾಗಿದ್ದೂ ಅವರ ಮೈ ಸುಡುವ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ಇಂಥವರಿಗೆ ‘ಇನ್ನೊಂದಿಷ್ಟು ಮನಸ್ಸು ಗಟ್ಟಿ ಮಾಡು’ ಎನ್ನುವುದು ಕ್ರೌರ್ಯ.

ಮೈ ಇಷ್ಟು ಜಿಪುಣತನ ತೋರುವುದೇಕೆ ಎಂಬುದಕ್ಕೆ ನಮ್ಮ ನೆಲದಲ್ಲೇ ಉದಾಹರಣೆ ಇದೆ. ಹಳಬರು ಧಾತು, ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದದ್ದು 1876ರಿಂದ 78ರವರೆಗಿನ ಕ್ಷಾಮವನ್ನು. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮನುಷ್ಯ ಕುಲ ಸಾವಿರಾರು ತಲೆಮಾರು ಹೆದರಿ ಬದುಕಿದ್ದು ಇಂಥ ಹಸಿವಿಗೆ. ಹಾಗಾಗಿ ತೂಕ ಇಳಿದರೆ ಮಿದುಳು ಎಲ್ಲ ದಿಕ್ಕಿನಿಂದಲೂ ತಡೆಯುತ್ತದೆ, ಏರಿದರೆ ಅಷ್ಟು ಬಲವಾಗಿ ತಡೆಯುವುದಿಲ್ಲ. ಲೆಪ್ಟಿನ್ ಇಳಿದ ಸುದ್ದಿ ಅದಕ್ಕೆ ಕೂಗಿದಷ್ಟು ಜೋರಾಗಿ ಕೇಳುತ್ತದೆ. ಬೊಜ್ಜಿರುವ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಬೇಕಾದಷ್ಟಿದ್ದರೂ ಹಸಿವು ಇಳಿಯುವುದಿಲ್ಲ, ಅವರಿಗೆ ಇನ್ನಷ್ಟು ಲೆಪ್ಟಿನ್ ಚುಚ್ಚಿದರೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಕೇಳಿಸದಿರುವುದಕ್ಕೆ ಒಂದು ಕಾರಣ ನರಕೋಶಗಳ ನೆರೆಹೊರೆಯಲ್ಲಿದೆ. ನರಕೋಶಗಳನ್ನು ಪೋಷಿಸುವ ಗ್ಲಿಯಾ ಎಂಬ ಕೋಶಗಳು, ಲೆಪ್ಟಿನನ್ನು ಮಿದುಳಿನೊಳಗೆ ಹೊತ್ತು ತರುವ ಟ್ಯಾನಿಸೈಟ್‌ಗಳು, ಇವು ಬರೀ ನೋಡುತ್ತ ಕೂತಿಲ್ಲ. ಕೊಬ್ಬು ಹೆಚ್ಚಿರುವ ತಿನಿಸನ್ನು ಇಲಿಗಳಿಗೆ ಕೊಟ್ಟಾಗ ಮೂರು ದಿನಗಳೊಳಗೆ, ತೂಕ ಇನ್ನೂ ಸರಿಯಾಗಿ ಏರುವ ಮೊದಲೇ, ಆರ್ಕುಯೇಟ್‌ನ ಗ್ಲಿಯಾ ಕೋಶಗಳಲ್ಲಿ ಉರಿಯೂತದ ಗುರುತು ಕಂಡಿತೆಂದು 2012ರ ಅಧ್ಯಯನ ಹೇಳುತ್ತದೆ. ಇದರ ಜೊತೆಗೆ ಮಿದುಳಿನ ಇನ್ನೊಂದು ಭಾಗವೂ ಇದೆ, ಸುಖದ ಲೆಕ್ಕ ಇಡುವ ಡೋಪಮಿನ್ ಜಾಲ. ಹೊಟ್ಟೆ ತುಂಬಿದ ಮೇಲೂ ಬಸ್‌ಸ್ಟ್ಯಾಂಡಿನ ಬೇಕರಿಯ ಎಣ್ಣೆ, ಸಕ್ಕರೆ, ಉಪ್ಪು ಮೂರೂ ಬೆರೆತ ತಿನಿಸು ಕೈ ಎಳೆಯುವುದು ಅದರಿಂದ.

ಬೊಜ್ಜಿನ ಅಳತೆ ನಮಗೂ ಬಿಳಿಯರಿಗೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಅಧ್ಯಯನದಲ್ಲಿ ಅಲ್ಲಿನ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5 ಕಿಲೋ. ಆದರೆ ನಮ್ಮ ಸಣ್ಣ ಕೂಸುಗಳಲ್ಲಿ ಕಡಿಮೆಯಾಗಿದ್ದದ್ದು ಸ್ನಾಯು, ಕೊಬ್ಬು ಅಷ್ಟಾಗಿ ತಗ್ಗಿರಲಿಲ್ಲ. ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಕೊಬ್ಬು, ನಲವತ್ತಕ್ಕೇ ಶುಗರ್ ಬರುವ ನಮ್ಮ ಜನರ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಐದು ಅಡಿ ಮೂರು ಇಂಚು ಎತ್ತರದವರಿಗೆ ಬಿಎಂಐ 25 ಅಂದರೆ ಸುಮಾರು 64 ಕಿಲೋ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಇನ್ನು ಈಗ ಎಲ್ಲರೂ ಕೇಳುತ್ತಿರುವ ಚುಚ್ಚುಮದ್ದಿನ ವಿಷಯ. ಊಟ ಮುಟ್ಟಿದ ಕೂಡಲೇ ಕರುಳಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತವೆ. ಅದು ರಕ್ತದಲ್ಲಿ ಉಳಿಯುವುದು ತೀರ ಸ್ವಲ್ಪ ಹೊತ್ತು, ಎರಡೇ ನಿಮಿಷದಲ್ಲಿ ಅರ್ಧ ಕರಗಿಹೋಗುತ್ತದೆ. ಅಮೆರಿಕದ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಇದನ್ನೇ ಹೋಲುವ, ಆದರೆ ಬೇಗ ಕರಗದ ವಸ್ತುವೊಂದು ಸಿಕ್ಕಿತು. ಅದರಿಂದ ಹುಟ್ಟಿದ ಶುಗರ್ ಔಷಧಿ 2005ರಲ್ಲಿ ಬಂತು. ಆಮೇಲೆ ಬಂದ ಸೆಮಾಗ್ಲುಟೈಡ್ ಅರ್ಧ ಕರಗಲು ಒಂದು ವಾರ ತೆಗೆದುಕೊಳ್ಳುತ್ತದೆ, ಹಾಗಾಗಿ ವಾರಕ್ಕೊಂದು ಚುಚ್ಚು ಸಾಕು. ಇದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮುಖ್ಯವಾಗಿ ಮಿದುಳಿನ ಹಿಂಭಾಗದ ಕಾಂಡದಲ್ಲೂ ಹೈಪೊಥಲಮಸ್‌ನಲ್ಲೂ ಇರುವ ಕೋಶಗಳಿಗೆ ‘ಊಟ ಆಯಿತು’ ಎಂದು ಹೇಳುತ್ತಲೇ ಇರುತ್ತದೆ. ತಗೊಂಡವರು ‘ಊಟದ ಯೋಚನೆಯೇ ತಲೆಯಿಂದ ಹೋಯಿತು’ ಎನ್ನುತ್ತಾರೆ. ಬದುಕಿಡೀ ಆ ಯೋಚನೆ ಎಷ್ಟು ಜೋರಾಗಿತ್ತೆಂದು ಅದು ನಿಂತಾಗಲೇ ಅವರಿಗೆ ತಿಳಿದದ್ದು.

ತೂಕ ಇಳಿಸಲೆಂದೇ ಇರುವ ಈ ಬಗೆಯ ಔಷಧಿಗಳು 2025ರಲ್ಲಿ ಭಾರತಕ್ಕೂ ಬಂದವು. ದೊಡ್ಡ ಪ್ರಯೋಗವೊಂದರಲ್ಲಿ ಸೆಮಾಗ್ಲುಟೈಡ್ ತಗೊಂಡವರ ತೂಕ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ವಾಪಸ್ ಬಂತು. ಮೇಲೆ ಹೇಳಿದ್ದನ್ನೆಲ್ಲ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಔಷಧಿ ನಿಂತಿತು, ಹಸಿವಿನ ಕೋಶಗಳು ನಿಂತಿರಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗುವವರನ್ನು ನಾವು ಹೀಯಾಳಿಸುವುದಿಲ್ಲ, ಇದನ್ನೂ ಹಾಗೆಯೇ ನೋಡಬೇಕು.

ಹಾಗೆಂದು ಪಕ್ಕದ ಮನೆಯವರು ತಗೊಂಡರೆಂದು ತುಮಕೂರಿನ ಔಷಧಿ ಅಂಗಡಿಗೆ ನೇರ ಹೋಗಿ ಕೇಳುವುದು ಬೇಡ. ವಾಕರಿಕೆ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಬಂದಿದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ಇದ್ದಿದ್ದರೆ, ಬಸುರಿಯಾಗುವ ಯೋಚನೆಯಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಮೊದಲೇ ಸ್ನಾಯು ಕಡಿಮೆಯಿರುವ ನಮ್ಮ ಜನ ಹಾಲು, ಮೊಟ್ಟೆ, ಕಾಳುಗಳನ್ನು ಹೆಚ್ಚಿಸಿಕೊಂಡು ಭಾರ ಎತ್ತುವ ಕೆಲಸವನ್ನೂ ಬಿಡಬಾರದು. ಎಷ್ಟು ವರ್ಷ ತಗೋಬೇಕು, ತಿಂಗಳಿಗೆ ಎಷ್ಟು ಖರ್ಚು, ನಿಲ್ಲಿಸುವುದಾದರೆ ಔಷಧಿಯ ಪ್ರಮಾಣವನ್ನು ಹೇಗೆ ಇಳಿಸುತ್ತೀರಿ ಎಂದು ಮೊದಲ ಚುಚ್ಚಿಗೆ ಮುಂಚೆಯೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.